ಹಸಿರು ಕಂಪನಿಯ ಲೆಕ್ಕ: ವೇಮಗಲ್‌ನಲ್ಲಿ ನಿಂತು ನೋಡಿದರೆ

ಇವತ್ತಿನ ಎಪಿಸೋಡ್‌ಗೆ ಕಾರಣ ಒಬ್ಬ ಕೇಳುಗರು ಕಳಿಸಿದ ವಾಯ್ಸ್ ಮೆಸೇಜ್. ವೇಮಗಲ್ ಕಡೆಯ ಹುಡುಗಿ, ಫ್ಯಾಕ್ಟರಿ ಕೆಲಸ. ಅವರು ಕೇಳಿದ್ದು ಇಷ್ಟೇ: "ಅಣ್ಣಾ, ನಮ್ಮ ಕಂಪನಿಯವರು ಪರಿಸರ ದಿನಕ್ಕೆ ಗೇಟ್ ಪಕ್ಕ ಸಸಿ ನೆಟ್ಟು ಫೋಟೋ ಹಾಕಿದ್ರು. 'ನಾವು ಕಾರ್ಬನ್ ನ್ಯೂಟ್ರಲ್ ಆಗ್ತಿದ್ದೀವಿ' ಅಂತ ಬರೆದಿದ್ರು. ಅದು ನಿಜಾನಾ? ನಮಗೇನು ಲಾಭ?"

ಎರಡು ಪ್ರಶ್ನೆ. ಎರಡೂ ಸರಿಯಾದ ಪ್ರಶ್ನೆಗಳೇ. ಮೊದಲನೆಯದಕ್ಕೆ ಲೆಕ್ಕ ಬೇಕು, ಎರಡನೆಯದಕ್ಕೆ ಊರು ಗೊತ್ತಿರಬೇಕು. ನಾನು ಬಿಕಾಂ ಓದಿದವನು, ಲೆಕ್ಕದಿಂದಲೇ ಶುರು ಮಾಡ್ತೀನಿ.

ಮೂರು ಖಾತೆ

ಇಂಗಾಲದ ಹೆಜ್ಜೆಗುರುತು, ಅಂದ್ರೆ ಕಾರ್ಬನ್ ಫುಟ್‌ಪ್ರಿಂಟ್. ಹೆಸರು ಕೇಳಿ ಹೆದರಬೇಡಿ. ಅಂಗಡಿಯವರು ಬರೆಯೋ ಖಾತೆ ಪುಸ್ತಕದ ಹಾಗೇ ಇದು. ರೂಪಾಯಿ ಬದಲು ಕೆಜಿ, ಟನ್ನು. ಒಂದು ಕಂಪನಿ ವರ್ಷಕ್ಕೆ ಎಷ್ಟು ಟನ್ ಹಸಿರುಮನೆ ಅನಿಲ ಗಾಳಿಗೆ ಬಿಡ್ತು ಅನ್ನೋದನ್ನ ಮೂರು ಖಾತೆಯಲ್ಲಿ ಬರೀತಾರೆ. ಇಂಗ್ಲಿಷಲ್ಲಿ ಇದಕ್ಕೆ ಸ್ಕೋಪ್ 1, ಸ್ಕೋಪ್ 2, ಸ್ಕೋಪ್ 3 ಅಂತಾರೆ. ಪ್ರಪಂಚದ ಬಹುತೇಕ ದೊಡ್ಡ ಕಂಪನಿಗಳು ಪಾಲಿಸೋದು ಇದೇ ಪದ್ಧತಿ.

ಮೊದಲನೇ ಖಾತೆ, ಕಂಪನಿ ತನ್ನ ಜಾಗದಲ್ಲೇ ಸುಡೋದು. ಜನರೇಟರ್ ಡೀಸೆಲ್, ಬಾಯ್ಲರ್, ಕ್ಯಾಂಟೀನ್ ಗ್ಯಾಸ್, ಕಂಪನಿಯ ಸ್ವಂತ ವಾಹನ, ಎಸಿಯಿಂದ ಸೋರೋ ಗ್ಯಾಸ್. ಎರಡನೇ ಖಾತೆ, ಹೊರಗಿಂದ ಕೊಂಡ ಕರೆಂಟು. ಇಲ್ಲಿ ಹೊಗೆ ಕಾಣಲ್ಲ, ಆದ್ರೆ ಎಲ್ಲೋ ಒಂದು ಕಡೆ ಕಲ್ಲಿದ್ದಲು ಉರಿದಿರತ್ತೆ. ಮೂರನೇ ಖಾತೆ ಮಿಕ್ಕಿದ್ದೆಲ್ಲ. ಕಚ್ಚಾ ಮಾಲು, ಲಾರಿ, ನೌಕರರು ದಿನಾ ಬಂದು ಹೋಗೋದು, ಮ್ಯಾನೇಜರ್ ವಿಮಾನ ಹತ್ತೋದು, ಮಾರಿದ ಸಾಮಾನನ್ನ ಗಿರಾಕಿ ಬಳಸೋದು. ಬಹಳಷ್ಟು ಕಂಪನಿಗಳಲ್ಲಿ ಅತಿ ದೊಡ್ಡ ಖಾತೆ ಈ ಮೂರನೇದೇ. ಎಲ್ಲಕ್ಕಿಂತ ತೆಳ್ಳಗೆ ಬರೆಯೋ ಖಾತೆಯೂ ಇದೇ.

ಈಗ ಎರಡು ಅಂಕಿ ನೆನಪಿಟ್ಟುಕೊಳ್ಳಿ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆಜಿ ಕಾರ್ಬನ್ ಡೈಆಕ್ಸೈಡ್. ನಮ್ಮ ದೇಶದ ಗ್ರಿಡ್‌ನಿಂದ ಒಂದು ಯೂನಿಟ್ ಕರೆಂಟ್ ತಗೊಂಡ್ರೆ ಸುಮಾರು 700 ಗ್ರಾಂ. ಇವೆರಡು ಗೊತ್ತಿದ್ರೆ ಅರ್ಧ ಲೆಕ್ಕ ನೀವೇ ಮಾಡಬಹುದು.

ಸಸಿ ವಿಷಯಕ್ಕೆ ಬರೋಣ. ಚೆನ್ನಾಗಿ ಬೆಳೆದ ಒಂದು ಮರ ವರ್ಷಕ್ಕೆ ಹೀರಿಕೊಳ್ಳೋದು ಸುಮಾರು 20 ಕೆಜಿ ಅಂತ ಸಾಮಾನ್ಯವಾಗಿ ಲೆಕ್ಕ ಹಿಡೀತಾರೆ. ಗಂಟೆಗೆ 40 ಲೀಟರ್ ಡೀಸೆಲ್ ಕುಡಿಯೋ ಒಂದು ಜನರೇಟರ್ ಇದೆ ಅಂತ ಇಟ್ಕೊಳ್ಳಿ. ಒಂದು ಗಂಟೆ ಓಡಿದ್ರೆ 108 ಕೆಜಿ. ಅಂದ್ರೆ ಐದು ಮರಗಳ ಒಂದು ವರ್ಷದ ದುಡಿಮೆ, ಜನರೇಟರ್‌ನ ಒಂದು ಗಂಟೆಗೆ ಸಮ. ಅದೂ ಬೆಳೆದ ಮರ. ಮೊನ್ನೆ ನೆಟ್ಟ ಸಸಿ ಅಲ್ಲ. ಸಸಿ ನೆಡಬೇಡಿ ಅಂತಲ್ಲ ಕಣ್ರೀ, ನೆರಳಿಗೆ, ಹಕ್ಕಿಗೆ, ಮಣ್ಣಿಗೆ ಖಂಡಿತ ನೆಡಿ. ಆದರೆ ಅದನ್ನ ಜನರೇಟರ್ ಖಾತೆಯ ಜಮಾ ಕಡೆ ಬರೆಯೋಕಾಗಲ್ಲ.

ನಾನು ಡಿಗ್ರಿ ಮುಗಿಸಿ ಎರಡು ವರ್ಷ ಬೆಂಗಳೂರಿನ ಒಂದು ಆಫೀಸಿನ ಅಕೌಂಟ್ಸ್‌ನಲ್ಲಿದ್ದೆ. ಹೆಸರು ಬೇಡ. ಮಾರ್ಚ್ ಮುಗಿದ ಮೇಲೆ ಇದೇ ಕೆಲಸ: ಕರೆಂಟ್ ಬಿಲ್ ಒಂದು ಕಡೆ, ಡೀಸೆಲ್ ಬಿಲ್ ಒಂದು ಕಡೆ, ಎಸಿ ಗ್ಯಾಸ್ ತುಂಬಿಸಿದ ಬಿಲ್ಲು "ರಿಪೇರಿ" ಫೈಲ್ ಒಳಗೆ. ಎಲ್ಲಾ ಹುಡುಕಿ ಒಂದು ಎಕ್ಸೆಲ್ ಶೀಟಿಗೆ ಹಾಕಬೇಕಿತ್ತು. ಅಲ್ಲಿ ನನಗೆ ಅರ್ಥವಾದ ಮಾತು ಹೇಳ್ತೀನಿ. ಪರಿಸರದ ರಿಪೋರ್ಟ್ ಅಂತ ಹೊಳೆಯೋ ಕಾಗದದಲ್ಲಿ ಬರೋದೆಲ್ಲ ಕೊನೆಗೆ ಬಿಲ್ಲುಗಳೇ. ಬಿಲ್ ಸುಳ್ಳು ಹೇಳಲ್ಲ. ಯಾವ ಬಿಲ್ ಸೇರಿಸಿದ್ರು, ಯಾವುದನ್ನ ಬಿಟ್ರು ಅನ್ನೋದರಲ್ಲೇ ಎಲ್ಲಾ ಇರೋದು.

ಇನ್ಫೋಸಿಸ್ ಮಾಡಿದ್ದೇನು

ಕರ್ನಾಟಕದಲ್ಲಿ ಈ ವಿಷಯದಲ್ಲಿ ಎಲ್ಲರೂ ಕೊಡೋ ಉದಾಹರಣೆ ಇನ್ಫೋಸಿಸ್. ಅದನ್ನೇ ಬಿಚ್ಚಿ ನೋಡೋಣ, ಯಾಕಂದ್ರೆ ಅವರ ಅಂಕಿಗಳು ಸಾರ್ವಜನಿಕವಾಗಿ ಇವೆ.

2011ರಲ್ಲಿ ಕಂಪನಿ ತಾನು ಕಾರ್ಬನ್ ನ್ಯೂಟ್ರಲ್ ಆಗ್ತೀನಿ ಅಂತ ಘೋಷಿಸಿತು. 2019–20ರ ಹಣಕಾಸು ವರ್ಷದಲ್ಲಿ ಆದೆವು ಅಂತ ಹೇಳಿತು. 2019ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಪ್ರಶಸ್ತಿಯೂ ಬಂತು. ದಾರಿ ಮೂರು ಹಂತದ್ದು. ಮೊದಲು ಬಳಕೆ ಇಳಿಸೋದು. ಆಮೇಲೆ ಉಳಿದ ಬಳಕೆಗೆ ಸೌರ ವಿದ್ಯುತ್ ತರೋದು. ಕೊನೆಗೆ ಏನೂ ಮಾಡಲಾಗದೆ ಉಳಿದ ಟನ್ನುಗಳಿಗೆ ಬೇರೆ ಕಡೆ ಹೊಗೆ ಕಮ್ಮಿ ಮಾಡಿಸಿ ಸರಿದೂಗಿಸೋದು. ಈ ಕ್ರಮ ಮುಖ್ಯ. ಮೂರನೇದನ್ನೇ ಮೊದಲು ಮಾಡೋ ಕಂಪನಿ ಕಂಡ್ರೆ ಸ್ವಲ್ಪ ಹುಷಾರಾಗಿರಿ.

ಬಳಕೆ ಇಳಿಸೋದು ಅಂದ್ರೆ ಲೈಟ್ ಆರಿಸಿ ಅಂತ ಸ್ಟಿಕ್ಕರ್ ಅಂಟಿಸೋದಲ್ಲ. ಆಫೀಸ್ ಕಟ್ಟಡದಲ್ಲಿ ಕರೆಂಟ್ ತಿನ್ನೋ ದೊಡ್ಡ ಬಾಯಿ ಎಸಿ. ಮಾಮೂಲಿ ಎಸಿ ಗಾಳಿಯನ್ನ ತಣ್ಣಗೆ ಮಾಡಿ, ದೊಡ್ಡ ಫ್ಯಾನಿಂದ ಕಟ್ಟಡದ ತುಂಬ ನೂಕತ್ತೆ. ಆದ್ರೆ ಶಾಖ ಹೊತ್ತುಕೊಂಡು ಹೋಗೋದರಲ್ಲಿ ಗಾಳಿಗಿಂತ ನೀರು ತುಂಬಾ ಗಟ್ಟಿ. ಬಿಸಿಲಿಗೆ ಕಾದ ಬೈಕ್ ಸೀಟಿಗೆ ಬಾಯಿಂದ ಊದಿ ನೋಡಿ, ಆಮೇಲೆ ಒಂದು ಚೊಂಬು ನೀರು ಸುರಿದು ನೋಡಿ, ಅಷ್ಟೇ ವ್ಯತ್ಯಾಸ. ಈ ತತ್ವ ಹಿಡಿದು ಚಾವಣಿಯ ಕಾಂಕ್ರೀಟ್ ಒಳಗೇ ಪೈಪ್ ಹಾಕಿ ತಣ್ಣೀರು ಹರಿಸ್ತಾರೆ. ಚಾವಣಿಯೇ ತಣ್ಣಗಾಗಿ ಕೆಳಗೆ ಕೂತವರ ಶಾಖ ಹೀರಿಕೊಳ್ಳತ್ತೆ.

ಹೈದರಾಬಾದ್ ಹತ್ತಿರದ ಪೋಚಾರಂ ಕ್ಯಾಂಪಸ್‌ನಲ್ಲಿ ಇನ್ಫೋಸಿಸ್ ಒಂದು ಒಳ್ಳೆ ಪ್ರಯೋಗ ಮಾಡ್ತು. 2011ರ ಸುಮಾರಿಗೆ ಮುಗಿದ ಒಂದೇ ಕಟ್ಟಡವನ್ನ ಎರಡು ಭಾಗ ಮಾಡಿ, ಒಂದು ಕಡೆ ಉತ್ತಮ ದರ್ಜೆಯ ಮಾಮೂಲಿ ಎಸಿ, ಇನ್ನೊಂದು ಕಡೆ ಈ ನೀರಿನ ಪೈಪ್. ಅದೇ ಬಿಸಿಲು, ಅದೇ ಗೋಡೆ, ಅಷ್ಟೇ ಜನ. ಮೀಟರ್ ಬೇರೆ ಬೇರೆ. ಪೈಪ್ ಹಾಕಿದ ಭಾಗ ತಂಪು ಮಾಡೋಕೆ ಬಳಸಿದ ಕರೆಂಟು ಸುಮಾರು ಮೂರನೇ ಒಂದು ಭಾಗದಷ್ಟು ಕಮ್ಮಿ ಬಂತು. ಹೀಗೆ ಪಕ್ಕಪಕ್ಕದಲ್ಲಿಟ್ಟು ಅಳೆದದ್ದೇ ಪುರಾವೆ.

ಈಗ ಅಕೌಂಟ್ಸ್ ಕಣ್ಣಿಂದ ಒಂದು ಸಾಲು ನೋಡೋಣ. 2008ರಿಂದ ಸುಮಾರು 12 ವರ್ಷದಲ್ಲಿ ತಲಾ ವಿದ್ಯುತ್ ಬಳಕೆ 55% ಇಳಿಸಿದ್ದೇವೆ ಅಂತ ಕಂಪನಿ ಹೇಳುತ್ತೆ. ಭರ್ಜರಿ ಸಂಖ್ಯೆ. ಆದರೆ "ತಲಾ" ಅನ್ನೋ ಪದ ಗಮನಿಸಿ. 2008ರಲ್ಲಿ ಸುಮಾರು 91,000 ನೌಕರರು, 2020ರಲ್ಲಿ 2.4 ಲಕ್ಷಕ್ಕೂ ಹೆಚ್ಚು. ಗುಣಿಸಿ ನೋಡಿದ್ರೆ ಒಟ್ಟು ಬಳಕೆ ಇಳಿದಿಲ್ಲ, ಸುಮಾರು 20% ಏರಿದೆ. ಇದು ಮೋಸ ಅಲ್ಲ, ಕಂಪನಿಯೇ ಇದನ್ನ ಹೇಳಿದೆ. ಜನ ಎರಡೂವರೆ ಪಟ್ಟಿಗಿಂತ ಹೆಚ್ಚಾದಾಗ ಕರೆಂಟ್ ಐದನೇ ಒಂದು ಭಾಗ ಮಾತ್ರ ಹೆಚ್ಚಿದ್ದು ನಿಜವಾಗ್ಲೂ ದೊಡ್ಡ ಸಾಧನೆ. ಆದ್ರೆ ಆಕಾಶಕ್ಕೆ ತಲಾ ಲೆಕ್ಕ ಗೊತ್ತಿಲ್ಲ, ಅದಕ್ಕೆ ಒಟ್ಟು ಮಾತ್ರ ಗೊತ್ತು. ಆದ್ದರಿಂದ ಯಾವ ಕಂಪನಿಯ ರಿಪೋರ್ಟ್ ಓದಿದ್ರೂ ತಲಾ ಎಷ್ಟು, ಒಟ್ಟು ಎಷ್ಟು ಅಂತ ಎರಡನ್ನೂ ಕೇಳಿ.

ನಮ್ಮ ಜಿಲ್ಲೆಯಲ್ಲಿ 1902ರಲ್ಲೇ ಆಗಿತ್ತು

ಒಂದು ದೊಡ್ಡ ಕಂಪನಿ ಕಲ್ಲಿದ್ದಲು ಬಿಟ್ಟು ಜಲವಿದ್ಯುತ್‌ಗೆ ಬದಲಾಯಿಸಿದ್ದು ಹೊಸ ಕತೆ ಅಲ್ಲ. ಕೋಲಾರ ಜಿಲ್ಲೆಯಲ್ಲಿ ಅದು 120 ವರ್ಷಕ್ಕೂ ಹಿಂದೆ ನಡೆದಿದೆ. ಕೆಜಿಎಫ್‌ನಲ್ಲಿ.

ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಬ್ರಿಟಿಷ್ ಸಂಸ್ಥೆ 1880ರಿಂದ ಅಲ್ಲಿ ಚಿನ್ನ ತೆಗೀತಿತ್ತು. ಯಂತ್ರ ಓಡಿಸೋಕೆ ಹಬೆ, ಹಬೆಗೆ ಕಲ್ಲಿದ್ದಲು, ಸೌದೆ. ಗಣಿ ಆಳ ಹೋದಷ್ಟೂ ಖರ್ಚು ಜಾಸ್ತಿ. ಮೈಸೂರು ಸರ್ಕಾರ ಕಾವೇರಿಯ ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರ ಕಟ್ಟಿತು. 1902ರ ಜೂನ್‌ನಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ಕರೆಂಟ್ ತಂದರು. ಆ ಕಾಲಕ್ಕೆ ಅಷ್ಟು ಉದ್ದದ ಲೈನ್ ಪ್ರಪಂಚದಲ್ಲೇ ಅಪರೂಪ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಅದಕ್ಕೂ ಮೂರು ವರ್ಷ ಮುಂಚೆ ನಮ್ಮ ಜಿಲ್ಲೆಯ ಗಣಿಗೆ ಬಂದಾಗಿತ್ತು.

ಅವರು ಪರಿಸರಪ್ರೇಮದಿಂದ ಮಾಡಿದ್ದಲ್ಲ, ಖರ್ಚಿನ ಲೆಕ್ಕ ಹಾಕಿ ಮಾಡಿದ್ದು. ಆದ್ರೂ ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಅದು ಎಂಥ ದೊಡ್ಡ "ಗ್ರೀನ್ ಪವರ್" ಒಪ್ಪಂದ! ಈಗಿನ ಯಾವುದೇ ಸರ್ಟಿಫಿಕೇಟ್ ಸಿಗೋ ಮಟ್ಟದ್ದು.

ಸರಿ, ಹಾಗಾದ್ರೆ ಕೆಜಿಎಫ್ ಹಸಿರಾಯ್ತಾ? 2001ರಲ್ಲಿ ಗಣಿ ಮುಚ್ಚಿತು. ಉಳಿದದ್ದೇನು ಅಂತ ಅಲ್ಲಿಗೆ ಹೋದ ಯಾರಿಗಾದ್ರೂ ಗೊತ್ತು: ಸೈನೈಡ್ ಗುಡ್ಡಗಳು. ಚಿನ್ನ ಬಿಡಿಸಿದ ಮೇಲೆ ಸುರಿದ ಪುಡಿಮಣ್ಣು. ಗಾಳಿ ಬೀಸಿದ್ರೆ ಆ ಧೂಳು ಮನೆಯೊಳಗೆ. ಕರೆಂಟಿನ ಖಾತೆ ಶುದ್ಧ, ಮಣ್ಣಿನ ಖಾತೆ ಹಾಳು. ಲಾಭ ಹಂಚಿದಾಗ ಆ ಗುಡ್ಡದ ಖರ್ಚನ್ನ ಯಾರೂ ಪುಸ್ತಕದಲ್ಲಿ ಬರೆದಿರಲಿಲ್ಲ. ಈಗ ಅದು ಊರಿನವರ ಖಾತೆಯಲ್ಲಿದೆ.

ಅದಕ್ಕೇ ನಾನು ಹೇಳೋದು, ಕಾರ್ಬನ್ ಒಂದೇ ಲೆಕ್ಕ ಅಲ್ಲ. ಕೋಲಾರದವರಿಗಂತೂ ಇನ್ನೊಂದು ಲೆಕ್ಕ ಇದಕ್ಕಿಂತ ಹತ್ತಿರದ್ದು.

ನೀರಿನ ಖಾತೆ

ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯೋ ನದಿ ಇಲ್ಲ. ಕೆರೆ, ಮಳೆ, ಬೋರು. ಬೋರು ಸಾವಿರ ಅಡಿ ದಾಟಿದೆ ಅನ್ನೋದು ಇಲ್ಲಿ ಸುದ್ದಿಯೇ ಅಲ್ಲ. 2018ರಿಂದ ಕೆಸಿ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಬಿಡ್ತಿದ್ದಾರೆ. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ಲಕ್ಷ್ಮೀಸಾಗರ, ನರಸಾಪುರ ಕೆರೆ ತುಂಬಿದ್ದನ್ನ ನೋಡಿ ಜನ ಖುಷಿಪಟ್ಟರು. ಇನ್ನೊಂದು ಹಂತ ಶುದ್ಧ ಮಾಡಿ ಕೊಡಿ ಅಂತ ಹೋರಾಟಗಾರರು ಇವತ್ತಿಗೂ ಕೇಳ್ತಿದ್ದಾರೆ.

ಇಂಥಾ ಜಾಗಕ್ಕೆ ಕೈಗಾರಿಕೆ ಬಂದಿದೆ. ನರಸಾಪುರದಲ್ಲಿ 2013ರಿಂದ ಹೋಂಡಾ ಸ್ಕೂಟರ್ ತಯಾರಾಗ್ತಿದೆ. ಅಲ್ಲೇ ವಿಸ್ಟ್ರಾನ್ ಶುರು ಮಾಡಿದ ಐಫೋನ್ ಫ್ಯಾಕ್ಟರಿ 2023ರಲ್ಲಿ ಟಾಟಾ ಕೈಗೆ ಬಂತು. 2025ರಲ್ಲಿ ಟಾಟಾ ಮತ್ತು ಏರ್‌ಬಸ್ ಸೇರಿ ಹೆಲಿಕಾಪ್ಟರ್ ಜೋಡಿಸೋ ಘಟಕಕ್ಕೆ ವೇಮಗಲ್ ಆರಿಸಿಕೊಂಡಾಗ, ನಮ್ಮೂರ ಹೆಸರು ದೆಹಲಿ ಪೇಪರಲ್ಲೂ ಬಂತು. ಹಿಪ್ಪುನೇರಳೆ, ಟೊಮೆಟೊ, ಹಾಲು ಅಂತಿದ್ದ ವೇಮಗಲ್ ಈಗ ಕುರುಗಲ್ ಜೊತೆ ಸೇರಿ ಪಟ್ಟಣ ಪಂಚಾಯಿತಿ ಆಗಿದೆ. ಜಮೀನು ಕೊಟ್ಟವರು, ಕೆಲಸಕ್ಕೆ ಸೇರಿದವರು, ಬಾಡಿಗೆ ಮನೆ ಕಟ್ಟಿಸಿದವರು, ಎಲ್ಲರೂ ನಮ್ಮವರೇ. ನಾನು ಫ್ಯಾಕ್ಟರಿ ಬೇಡ ಅನ್ನೋ ಪೈಕಿ ಅಲ್ಲ.

ಆದ್ರೆ ನೋಡಿ, ನೀರಿಗೂ ಕಾರ್ಬನ್‌ಗೂ ನೇರ ಸಂಬಂಧ ಇದೆ. ನಾನೇ ಹಾಕಿದ ಲೆಕ್ಕ ಹೇಳ್ತೀನಿ. ಸಾವಿರ ಅಡಿಯಿಂದ ಸಾವಿರ ಲೀಟರ್ ನೀರು ಮೇಲೆತ್ತಬೇಕು. ಪಂಪು, ಮೋಟರು ಸೇರಿ ಅರ್ಧದಷ್ಟು ಶಕ್ತಿ ಪೋಲಾಗತ್ತೆ ಅಂತ ಹಿಡಿದ್ರೆ ಸುಮಾರು 1.6 ಯೂನಿಟ್ ಕರೆಂಟು ಬೇಕು. ಅಂದ್ರೆ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ ಕಾರ್ಬನ್. 10,000 ಲೀಟರ್ ಟ್ಯಾಂಕರ್ ಅಂದ್ರೆ ಲಾರಿ ಡೀಸೆಲ್ ಬಿಟ್ಟೇ 11 ಕೆಜಿ. ಬೋರು ಆಳ ಹೋದಂತೆಲ್ಲ ಈ ಅಂಕಿ ಏರತ್ತೆ. ಕೋಲಾರದಲ್ಲಿ ನೀರು ಉಳಿಸೋದೂ ಕರೆಂಟ್ ಉಳಿಸೋದೂ ಒಂದೇ ಕೆಲಸ.

ಇನ್ನು ಫ್ಯಾಕ್ಟರಿಯ ಸೂರು ನೋಡಿ. ಅಷ್ಟಗಲದ ಶೀಟು. ಒಂದು ಎಕರೆ ಸೂರು ಅಂತ ಇಟ್ಕೊಳ್ಳಿ. ವರ್ಷಕ್ಕೆ 700 ಮಿಲಿಮೀಟರ್ ಮಳೆ ಹಿಡಿದ್ರೆ, ಸೋರಿಕೆ, ಆವಿ ಕಳೆದು ಸುಮಾರು 22 ಲಕ್ಷ ಲೀಟರ್ ನೀರು ಸಿಗತ್ತೆ. ಅದೇ ಸೂರಿನ ಮೇಲೆ ಸೋಲಾರ್ ಹಾಕಿದ್ರೆ ಸುಮಾರು 400 ಕಿಲೋವ್ಯಾಟ್, ವರ್ಷಕ್ಕೆ ಐದು ಲಕ್ಷ ಯೂನಿಟ್ ಮೇಲೆ. ಅಂದ್ರೆ 350 ಟನ್‌ಗೂ ಹೆಚ್ಚು ಕಾರ್ಬನ್ ಉಳಿತಾಯ. ಒಂದೇ ಎಕರೆ, ಎರಡು ಬೆಳೆ. ಮಳೆಯದ್ದೊಂದು, ಬಿಸಿಲಿನದ್ದೊಂದು. ಗೇಟ್ ಮುಂದೆ ನೆಟ್ಟ ಹತ್ತು ಸಸಿಯ ಬದಲು ಈ ಎರಡು ಬೆಳೆಯ ಫೋಟೋ ಹಾಕಿದ್ರೆ ನಾನೇ ಮೊದಲು ಲೈಕ್ ಒತ್ತೀನಿ.

ಬಿಸಿಲು ನಮಗೆ ಹೊಸದೂ ಅಲ್ಲ. ಬಂಗಾರಪೇಟೆ ತಾಲ್ಲೂಕಿನ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮ 3 ಮೆಗಾವ್ಯಾಟ್ ಸೌರ ಘಟಕ ಹಾಕಿ ಹದಿನೈದು ವರ್ಷದ ಮೇಲಾಯ್ತು. ದೇಶದಲ್ಲಿ ಗ್ರಿಡ್‌ಗೆ ಸೇರಿದ ದೊಡ್ಡ ಸೌರ ಘಟಕಗಳ ಪೈಕಿ ಅದು ಮೊದಮೊದಲಿನದು. ಸೂರಿನ ಮೇಲೆ ಜಾಗ ಸಾಲದ ಕಂಪನಿ ಹೊರಗಿಂದಲೂ ಹಸಿರು ಕರೆಂಟ್ ಕೊಳ್ಳಬಹುದು. 2022ರಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲಿಸಿ, 100 ಕಿಲೋವ್ಯಾಟ್ ಬೇಡಿಕೆ ಇರೋ ಗ್ರಾಹಕರಿಗೂ ಆ ಬಾಗಿಲು ತೆರೆಯಿತು. ಮುಂಚೆ ಒಂದು ಮೆಗಾವ್ಯಾಟ್ ಇರಬೇಕಿತ್ತು.

ಬಸ್ಸಿನ ಲೆಕ್ಕ, ಕೆಲಸದ ಲೆಕ್ಕ

ಈಗ ಮೂರನೇ ಖಾತೆಗೆ ಬನ್ನಿ. ಬೆಳಗ್ಗೆ ಶಿಫ್ಟ್ ಟೈಮಿಗೆ ನಮ್ಮ ರೋಡಲ್ಲಿ ಸಾಲುಗಟ್ಟಿ ಬರೋ ಬಸ್ಸುಗಳು ನಿಮಗೆ ಗೊತ್ತೇ ಇದೆ. ಬೆಂಗಳೂರಿಂದ ಹೋಗಿ ಬರೋಕೆ 120 ಕಿಲೋಮೀಟರ್ ಅಂತ ಹಿಡಿಯಿರಿ. ಲೀಟರ್‌ಗೆ 4 ಕಿಲೋಮೀಟರ್ ಅಂದ್ರೆ 30 ಲೀಟರ್ ಡೀಸೆಲ್, ಸುಮಾರು 80 ಕೆಜಿ ಕಾರ್ಬನ್. 40 ಜನ ಕೂತಿದ್ರೆ ತಲೆಗೆ 2 ಕೆಜಿ. ಅದೇ 40 ಜನ 40 ಕಾರಲ್ಲಿ ಬಂದ್ರೆ ತಲೆಗೆ 18 ಕೆಜಿ, ಒಟ್ಟು 700 ಕೆಜಿ ಮೇಲೆ. ಹಾಗಾಗಿ ಕಂಪನಿ ಬಸ್ಸು ಒಳ್ಳೇದೇ.

ಆದರೆ ಬಸ್ಸಿಗಿಂತ ಒಳ್ಳೇದು ಇನ್ನೊಂದಿದೆ. ವೇಮಗಲ್‌ನವರನ್ನೇ ಕೆಲಸಕ್ಕೆ ತಗೊಳ್ಳೋದು! ಸೈಕಲಲ್ಲಿ ಬರೋ ನೌಕರನ ಖಾತೆ ಸೊನ್ನೆ. ಒಂದು ಬಸ್ಸಿನಷ್ಟು ಜನ ಹತ್ತಿರದ ಊರಿನವರಾದ್ರೆ, ವರ್ಷಕ್ಕೆ 300 ದಿನ ಲೆಕ್ಕ ಹಿಡಿದು 24 ಟನ್ ಉಳಿತಾಯ. "ಸ್ಥಳೀಯರಿಗೆ ಕೆಲಸ ಕೊಡಿ" ಅಂತ ನಾವು ಯಾವಾಗ್ಲೂ ನ್ಯಾಯದ ಮಾತಾಗಿ ಕೇಳ್ತೀವಿ, ಸರಿ. ಆದ್ರೆ ಅದು ಹೊಗೆ ಇಳಿಸೋ ಕ್ರಮವೂ ಹೌದು. ಇನ್ಮೇಲೆ ಮನವಿ ಕೊಡುವಾಗ ಈ ಸಾಲನ್ನೂ ಸೇರಿಸಿ. ಮ್ಯಾನೇಜರ್ ಮುಖ ನೋಡಬೇಕು ಆಗ.

ಕೌಶಲ್ಯ ಇಲ್ಲ ಅಂತಾರಾ? ಕಂಪನಿಯ ಸಾಮಾಜಿಕ ಜವಾಬ್ದಾರಿ ದುಡ್ಡಲ್ಲಿ ಹತ್ತಿರದ ಐಟಿಐನಲ್ಲಿ ಎಸಿ, ಸೋಲಾರ್, ನೀರು ಶುದ್ಧೀಕರಣದ ಕೋರ್ಸ್ ನಡೆಸಲಿ. ಹಸಿರು ಕಟ್ಟಡ ಓಡಿಸೋಕೆ ಇದೇ ಕೈಗಳು ಬೇಕು. ಪ್ಲಾಟಿನಮ್ ರೇಟಿಂಗ್ ಸಿಕ್ಕ ಕಟ್ಟಡದಲ್ಲೂ ಫಿಲ್ಟರ್ ತೊಳೆಯದೆ ಬಿಟ್ರೆ, ಎಸಿಯನ್ನ 18ಕ್ಕೆ ಇಟ್ರೆ ಬಿಲ್ ಏರೇ ಏರತ್ತೆ. ಎಸಿ ಒಂದು ಡಿಗ್ರಿ ಏರಿಸಿದ್ರೆ ಸುಮಾರು 6% ಕರೆಂಟ್ ಉಳಿಯತ್ತೆ ಅಂತ ಕೇಂದ್ರದ ಇಂಧನ ದಕ್ಷತಾ ಬ್ಯೂರೋನೇ ಹೇಳತ್ತೆ. ಆಫೀಸಲ್ಲಿ ಸ್ವೆಟರ್ ಹಾಕ್ಕೊಂಡು ಕೂರೋರು ಇದನ್ನ ಫೇಸಿಲಿಟಿ ಟೀಮ್‌ಗೆ ಫಾರ್ವರ್ಡ್ ಮಾಡಿ.

ಯಾರದೋ ಒಲೆ, ಯಾರದೋ ಜಮಾ

ಕಾರ್ಬನ್ ನ್ಯೂಟ್ರಲ್ ಅನ್ನೋ ಪದದ ಅತಿ ಸೂಕ್ಷ್ಮ ಭಾಗ ಸರಿದೂಗಿಸೋದು. ಇದಕ್ಕೂ ಉದಾಹರಣೆ ನಮ್ಮ ಹಳೇ ಜಿಲ್ಲೆಯಲ್ಲೇ ಇದೆ. ಬಾಗೇಪಲ್ಲಿ ಆಗ ಕೋಲಾರ ಜಿಲ್ಲೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಯ್ತು. ಅಲ್ಲಿನ ಕೂಲಿ ಕುಟುಂಬಗಳ ಸಂಘಟನೆ, ಕೂಲಿ ಸಂಘ, 5,500 ಮನೆಗಳಿಗೆ ಗೋಬರ್ ಗ್ಯಾಸ್ ಕಟ್ಟಿಸೋ ಯೋಜನೆಯನ್ನ 2005ರಲ್ಲಿ ವಿಶ್ವಸಂಸ್ಥೆಯ ಕಾರ್ಬನ್ ವ್ಯವಸ್ಥೆಯಲ್ಲಿ ನೋಂದಾಯಿಸಿತು. ಸೌದೆ, ಸೀಮೆಎಣ್ಣೆ ಉರಿಸೋದು ತಪ್ಪಿದ್ದಕ್ಕೆ ಕ್ರೆಡಿಟ್. ಆ ಕ್ರೆಡಿಟ್ ಮಾರಿ ಬಂದ ದುಡ್ಡಲ್ಲಿ ಗುಂಡಿ, ಡೋಮು, ಒಲೆ. ಹೊಗೆ ಇಲ್ಲದ ಅಡುಗೆಮನೆ, ಹೊಲಕ್ಕೆ ಗೊಬ್ಬರ. ಇನ್ಫೋಸಿಸ್ ಸಹ ಇಂಥದ್ದೇ ದಾರಿ ಹಿಡಿದು ಹಳ್ಳಿಗಳಲ್ಲಿ ಗೋಬರ್ ಗ್ಯಾಸ್, ಹೊಗೆ ಕಮ್ಮಿ ಇರೋ ಒಲೆಗಳಿಗೆ ದುಡ್ಡು ಹಾಕಿದೆ.

ಹಳ್ಳಿ ಹೆಣ್ಣುಮಕ್ಕಳ ಕಣ್ಣು, ಎದೆ ಉಳಿಸೋ ಕೆಲಸ ಇದು. ಯಾರೇ ಮಾಡಲಿ, ಕೈ ಮುಗೀತೀನಿ. ಆದ್ರೂ ಒಂದು ಪ್ರಶ್ನೆ ಉಳಿಯತ್ತೆ. ಬಾಗೇಪಲ್ಲಿಯ ಅಡುಗೆಮನೆಯಲ್ಲಿ ಉಳಿದ ಹೊಗೆಯನ್ನ ತೋರಿಸಿ, ಪಟ್ಟಣದ ಕಟ್ಟಡ ತನ್ನ ಹೊಗೆಯನ್ನ ಎಷ್ಟು ವರ್ಷ ಮುಂದುವರಿಸಬಹುದು? ಬಡವರ ಮನೆಯ ಉಳಿತಾಯ ಶ್ರೀಮಂತರ ಖರ್ಚಿಗೆ ರಸೀದಿ ಆಗಬಾರದು. ಅದಕ್ಕೇ ಈಗ ಕಾನೂನು ಬಿಗಿಯಾಗ್ತಿದೆ. ಬರೀ ಕ್ರೆಡಿಟ್ ಕೊಂಡು ವಸ್ತುವಿನ ಮೇಲೆ "ಕಾರ್ಬನ್ ನ್ಯೂಟ್ರಲ್" ಅಂತ ಬರೆಯೋದಕ್ಕೆ ಯುರೋಪ್ ಒಕ್ಕೂಟ 2024ರಲ್ಲಿ ನಿಷೇಧದ ಕಾನೂನು ಮಾಡಿತು, ಜಾರಿ ದಿನಾಂಕ 2026ರ ಸೆಪ್ಟೆಂಬರ್. ನಮ್ಮಲ್ಲೂ 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಸುಳ್ಳು ಹಸಿರು ಜಾಹೀರಾತಿನ ವಿರುದ್ಧ ಮಾರ್ಗಸೂಚಿ ತಂದಿದೆ. "ಪರಿಸರಸ್ನೇಹಿ" ಅಂದ್ರೆ ಸಾಲದು, ಪುರಾವೆ ಕೊಡಬೇಕು.

ಫೋನಲ್ಲೇ ನೋಡಬಹುದು

ಇಷ್ಟೆಲ್ಲ ನಮಗೆ ಗೊತ್ತಾಗೋದು ಹೇಗೆ? ಷೇರುಪೇಟೆಯಲ್ಲಿರೋ ಮೊದಲ 1,000 ಕಂಪನಿಗಳು 2022–23ರಿಂದ ಬಿಆರ್‌ಎಸ್‌ಆರ್ ಅನ್ನೋ ವರದಿ ಕೊಡಲೇಬೇಕು ಅಂತ ಸೆಬಿ ನಿಯಮ ಮಾಡಿದೆ. ಕಂಪನಿ ವೆಬ್‌ಸೈಟಲ್ಲಿ ವಾರ್ಷಿಕ ವರದಿ ತೆಗೀರಿ. ಅದರಲ್ಲಿ ಆರನೇ ತತ್ವ, ಪ್ರಿನ್ಸಿಪಲ್ 6 ಅಂತ ಹುಡುಕಿ. ಕರೆಂಟು, ನೀರು, ಹೊಗೆ, ಕಸ ಎಲ್ಲಾ ಕೋಷ್ಟಕದಲ್ಲಿರತ್ತೆ. ಈ ವರ್ಷದ್ದು, ಹೋದ ವರ್ಷದ್ದು ಪಕ್ಕಪಕ್ಕ.

ನಾಲ್ಕು ಪ್ರಶ್ನೆ ಇಟ್ಕೊಂಡು ಓದಿ.

ಒಂದು, ಒಟ್ಟು ಹೊಗೆ ಏರಿದೆಯಾ, ಇಳಿದಿದೆಯಾ? ತಲಾ ಲೆಕ್ಕಕ್ಕೆ ಆಮೇಲೆ ಬನ್ನಿ.

ಎರಡು, ಮೂರನೇ ಖಾತೆ ತುಂಬಿದ್ದಾರಾ, ಖಾಲಿ ಬಿಟ್ಟಿದ್ದಾರಾ?

ಮೂರು, ನೀರು ಎಲ್ಲಿಂದ ಬಂತು? ಬೋರು, ಟ್ಯಾಂಕರ್, ಮಳೆ, ಮರುಬಳಕೆ, ಯಾವುದು ಎಷ್ಟು?

ನಾಲ್ಕು, ಸರಿದೂಗಿಸಿದ್ದು ಎಷ್ಟು, ನಿಜವಾಗಿ ಇಳಿಸಿದ್ದು ಎಷ್ಟು?

ಪೇಟೆಯಲ್ಲಿ ಲಿಸ್ಟ್ ಆಗದ ಕಂಪನಿಗೆ ಈ ನಿಯಮ ಇಲ್ಲ, ನಿಜ. ಆದ್ರೆ ಅವರ ಗಿರಾಕಿಗಳು ಕೇಳೋಕೆ ಶುರು ಮಾಡಿದ್ದಾರೆ. 2030ರೊಳಗೆ ತನ್ನ ಸರಬರಾಜು ಸರಪಳಿ ಪೂರ್ತಿ ಕಾರ್ಬನ್ ನ್ಯೂಟ್ರಲ್ ಆಗಬೇಕು ಅಂತ ಆ್ಯಪಲ್ ಗುರಿ ಇಟ್ಟಿದೆ. ಅಂದ್ರೆ ಅದಕ್ಕೆ ಬಿಡಿಭಾಗ ಕೊಡೋರು, ಫೋನ್ ಜೋಡಿಸೋರು, ಎಲ್ಲರೂ ಹಸಿರು ಕರೆಂಟಿಗೆ ಬರಬೇಕು. ಗಿರಾಕಿ ಕ್ಯಾಲಿಫೋರ್ನಿಯಾದಿಂದ ಕೇಳೋದಾದ್ರೆ, ಗೇಟ್ ಎದುರು ಮನೆ ಇರೋ ನಾವೂ ಕೇಳಬಹುದು. ಪರಿಸರ ಅನುಮತಿಗೆ ಸಾರ್ವಜನಿಕ ವಿಚಾರಣೆ ನಡೆಯೋ ಕಡೆ ಹೋಗಿ ಕೂತು ನೀರಿನ ಅಂಕಿ ಕೇಳಿ. ಪಟ್ಟಣ ಪಂಚಾಯಿತಿ ಸದಸ್ಯರಿಗೆ ಹೇಳಿ. ಕೆಲಸದ ಇಂಟರ್‌ವ್ಯೂನಲ್ಲಿ "ನಿಮಗೇನಾದ್ರೂ ಪ್ರಶ್ನೆ ಇದೆಯಾ" ಅಂತ ಕೊನೆಗೆ ಕೇಳ್ತಾರಲ್ಲ, ಆಗ ಇದನ್ನ ಕೇಳಿ ನೋಡಿ.

ಕಾಮರ್ಸ್ ಓದ್ತಿರೋ ತಮ್ಮ ತಂಗಿಯರಿಗೆ ಒಂದು ಮಾತು. ಈ ಲೆಕ್ಕ ಬರೆಯೋಕೆ, ಪರಿಶೀಲಿಸೋಕೆ ಜನ ಬೇಕು. ಟ್ಯಾಲಿ ಗೊತ್ತಿದ್ದು, ಎಕ್ಸೆಲ್ ಬರ್ತಾ ಇದ್ದು, ಡೀಸೆಲ್ ಬಿಲ್ ಯಾವ ಫೈಲಲ್ಲಿ ಅಡಗಿರತ್ತೆ ಅಂತ ಗೊತ್ತಿದ್ರೆ ನೀವಾಗಲೇ ಅರ್ಧ ದಾರಿ ಬಂದಿದ್ದೀರಿ. ಇದಕ್ಕೆ ಬಿಎಸ್ಸಿನೇ ಬೇಕಂತಿಲ್ಲ.

ಮೆಸೇಜ್ ಕಳಿಸಿದ ತಂಗಿಗೆ ಉತ್ತರ. ಆ ಬೋರ್ಡ್ ನಿಜಾನಾ ಅಂದ್ರೆ, ಸಸಿ ನೋಡಿ ಹೇಳೋಕಾಗಲ್ಲಮ್ಮ. ಸೂರು ನೋಡು, ಜನರೇಟರ್ ಎಷ್ಟು ಹೊತ್ತು ಓಡತ್ತೆ ನೋಡು, ದಿನಕ್ಕೆ ಎಷ್ಟು ಟ್ಯಾಂಕರ್ ಗೇಟ್ ಒಳಗೆ ಹೋಗತ್ತೆ ಎಣಿಸು. ನಿಮಗೇನು ಲಾಭ ಅಂದ್ರೆ, ಸರಿಯಾಗಿ ಮಾಡಿದ್ರೆ ನಿಮ್ಮೂರ ಬೋರಲ್ಲಿ ನೀರು ಉಳಿಯತ್ತೆ, ನಿನ್ನ ತಮ್ಮನಿಗೆ ಹತ್ತಿರದಲ್ಲೇ ಕೆಲಸ ಸಿಗತ್ತೆ. ಬರೀ ಬೋರ್ಡಲ್ಲಿ ಮಾಡಿದ್ರೆ, ಕಂಪನಿ ಹೋದ ಮೇಲೆ ನಮಗೂ ಒಂದು ಗುಡ್ಡ ಉಳಿಯತ್ತೆ. ಕೆಜಿಎಫ್ ಇಲ್ಲಿಂದ ದೂರ ಏನಿಲ್ಲ.

ನಿಮ್ಮ ಆಫೀಸು, ಫ್ಯಾಕ್ಟರಿಯಲ್ಲಿ ನಿಜವಾಗಿ ಕೆಲಸ ಮಾಡಿದ ಹಸಿರು ಉಪಾಯ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ. ಅಂಕಿ ಸಮೇತ ಕಳಿಸಿದ್ರೆ ಮುಂದಿನ ಎಪಿಸೋಡಲ್ಲಿ ಹಾಕ್ತೀನಿ.